ಬಿಲ್ಲಿನಲ್ಲಿ ಬರೆಯಲಾಗದ ಕೆಲಸ

ಕಾರಿಗೆ ಅಗಲವಾದ ಟಯರು ಹಾಕಿಸುವ ಗಿರಾಕಿಗಳು ಟಿಂಕರಿಂಗ್ ಗ್ಯಾರೇಜುಗಳಿಗೆ ಆದಾಯ ತರುತ್ತಾರೆಂಬುದು ನಿಜ. 185 ಮಿ.ಮೀ. ಟಯರಿನ ಬದಲು 205 ಮಿ.ಮೀ. ಟಯರು ಬಂದರೆ ಪ್ರತಿ ಬದಿಗೂ ಸುಮಾರು 10 ಮಿ.ಮೀ. ಹೆಚ್ಚುತ್ತದೆ. ಅದು ತಾಗದಿರಲೆಂದು ಫೆಂಡರಿನ ಅಂಚನ್ನು ಮಡಿಸುತ್ತಾರೆ, ಕತ್ತರಿಸುತ್ತಾರೆ. ಕೆಲವೊಮ್ಮೆ ಹೊರಕ್ಕೆ ಉಬ್ಬಿಸುತ್ತಾರೆ. ಬಿಲ್ಲಿನಲ್ಲಿ ಮಾತ್ರ 'ಟಿಂಕರಿಂಗ್ ಕೂಲಿ' ಎಂದಷ್ಟೇ ಇರುತ್ತದೆ.

ಈ ಮೌನ ಅಪಾಯಕಾರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಪರಿಹಾರಕ್ಕೂ ಅಡ್ಡಿಯಾದೀತು; ಆಗ ಗಿರಾಕಿ ಬೆರಳು ತೋರುವುದು ಗ್ಯಾರೇಜಿನತ್ತಲೇ.

ಆದ್ದರಿಂದ ನನ್ನ ಸಲಹೆ ಇಷ್ಟೇ. ಮೊದಲು ಅದೇ ಮಾದರಿಗೆ ತಯಾರಕರು ಒಪ್ಪಿದ ಟಯರಿನ ಅಳತೆಗಳನ್ನು ಕೈಪಿಡಿಯಲ್ಲಿ ನೋಡಿರಿ. ಆ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ಫೆಂಡರನ್ನು ಮುಟ್ಟುವ ಪ್ರಮೇಯವೇ ಬಾರದು. ಮಾಡಿದ ಕೆಲಸವನ್ನು ಬಿಲ್ಲಿನಲ್ಲಿ ಯಥಾವತ್ತಾಗಿ ನಮೂದಿಸಿರಿ. ನಮೂದಿಸಲು ಕೈ ಹಿಂಜರಿದರೆ, ಆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಲಾಭ.