ಅಗಸಿ ಹಿಂಡಿ ಊಟಕ್ಕಿರಲಿ, ರೋಗಕ್ಕ ಡಾಕ್ಟರ್ ಇರಲಿ



ಈಗ ಮೊಬೈಲಿನ್ಯಾಗ ಅಗಸಿ ಬಗ್ಗೆ ಎರಡು ಥರದ ಮಾತು ಓಡಾಡಾಕ ಹತ್ಯಾವ. ಒಂದು: "ಅಗಸಿಯೊಳಗ ಹೆಣ್ಣು ಹಾರ್ಮೋನು ಐತಿ, ಮುಟ್ಟು ನಿಂತ ಹೆಣ್ಮಕ್ಕಳು ದಿನಾ ತಿಂದ್ರ ಮೈ ಉರಿ, ಬೆವರು ಎಲ್ಲಾ ಹೋಗ್ತಾವ." ಇನ್ನೊಂದು: "ಅಗಸಿಯೊಳಗ ಹೆಣ್ಣು ಹಾರ್ಮೋನು ಐತಿ, ತಿಂದ್ರ ಎದಿ ಕ್ಯಾನ್ಸರ್ ಬರ್ತೈತಿ, ಮುಟ್ಟಬ್ಯಾಡ್ರಿ." ಕಾಳು ಒಂದ, ಒಬ್ರು ಅಮೃತ ಅಂತಾರ, ಇನ್ನೊಬ್ರು ವಿಷ ಅಂತಾರ. ನನ್ನ ಅಭಿಪ್ರಾಯ ಕೇಳಿದ್ರ ಎರಡೂ ಅಲ್ಲ. ಅದು ರೊಟ್ಟಿ ಜೋಡಿ ತಿನ್ನೋ ಹಿಂಡಿ. ಊಟನ್ನ ಊಟದ ಜಾಗಾದಾಗ ಇಡ್ರಿ, ಔಷಧದ ಜಾಗಾದಾಗ ಇಡಬ್ಯಾಡ್ರಿ ಅನ್ನೋದ ನನ್ನ ವಾದ.

ಮೊದ್ಲ ಈ "ಹೆಣ್ಣು ಹಾರ್ಮೋನು" ಅನ್ನೋದು ಏನು ಅಂತ ತಿಳ್ಕೊಳ್ಳೋಣು. ನಮ್ಮ ಮೈಯಾಗ ತಯಾರಾಗೋ ಹಾರ್ಮೋನಿಗೆ ಈಸ್ಟ್ರೋಜೆನ್ ಅಂತಾರ. ಮುಟ್ಟು ಬರೋದು, ಬಸಿರು ನಿಲ್ಲೋದು, ಎಲುವು ಗಟ್ಟಿ ಇರೋದು, ಎಲ್ಲಾದ್ರಾಗೂ ಅದರ ಕೈ ಐತಿ. ಅಗಸಿಯೊಳಗ ಇರೋದು ಈಸ್ಟ್ರೋಜೆನ್ ಅಲ್ಲ, ಅದರ ಹಂಗ ವೇಷ ಹಾಕೋ ವಸ್ತು. ಅದಕ್ಕ ಫೈಟೋಈಸ್ಟ್ರೋಜೆನ್ ಅಂತಾರ, ಅಂದ್ರ ಗಿಡದ ಈಸ್ಟ್ರೋಜೆನ್. ನಮ್ಮ ಮೈಯಾಗಿನ ಕೀಲಿಗೆ ನಮ್ಮ ಈಸ್ಟ್ರೋಜೆನ್ನು ಸರಿಯಾದ ಕೀಲಿಕೈ. ಈ ಗಿಡದ್ದು ಅದ ಕೀಲಿಯೊಳಗ ಹೋಗ್ತೈತಿ, ಆದ್ರ ಪೂರ್ತಿ ತಿರಗೂದಿಲ್ಲ. ಕೆಲವು ಕಡೆ ಸ್ವಲ್ಪ ತೆರೀತೈತಿ, ಕೆಲವು ಕಡೆ ಸುಮ್ನ ಅಡ್ಡ ಕುಂತು ಖರೇ ಕೀಲಿಕೈನ ತಡೀತೈತಿ. ಅದಕ್ಕ ಇದರ ಕೆಲಸ ಒಂದ ಮಾತಿನ್ಯಾಗ ಹೇಳಾಕ ಬರೂದಿಲ್ಲ.

ಇದು ಅಗಸಿಯೊಳಗಷ್ಟ ಅಲ್ಲ. ಎಳ್ಳಿನ್ಯಾಗ ಐತಿ, ಕಡ್ಲಿಯೊಳಗ ಸ್ವಲ್ಪ ಐತಿ, ಸೋಯಾದಾಗ ಭಾಳ ಐತಿ. ಸೋಯಾದ್ದಕ್ಕ ಐಸೋಫ್ಲೇವೋನ್ ಅಂತ ಹೆಸರು, ಅಗಸಿದಕ್ಕ ಲಿಗ್ನಾನ್ ಅಂತ ಹೆಸರು. ನಾವು ತಿನ್ನೋ ಪದಾರ್ಥದಾಗ ಲಿಗ್ನಾನ್ ಎಲ್ಲಾಕ್ಕಿಂತ ಹೆಚ್ಚಿರೋದು ಅಗಸಿಯೊಳಗ. ಆದ್ರ ತಿಂದ ಕೂಡ್ಲೆ ಅದು ಕೆಲಸ ಮಾಡೂದಿಲ್ಲ. ನಮ್ಮ ಕರುಳಿನ್ಯಾಗ ಇರೋ ಬ್ಯಾಕ್ಟೀರಿಯಾ ಅದನ್ನ ಬದಲು ಮಾಡಬೇಕು, ಆವಾಗ ಅದು ರಕ್ತಕ್ಕ ಸೇರ್ತೈತಿ. ಒಬ್ಬೊಬ್ರ ಕರುಳು ಒಂದೊಂದು ಥರ. ಹಂಗಾಗಿ "ನನಗ ಗುಣ ಬಂತು, ನಿನಗೂ ಬರ್ತೈತಿ" ಅನ್ನೋ ಮಾತು ಇಲ್ಲಿ ನಡಿಯೂದಿಲ್ಲ.

ಗಿಡದ ವಸ್ತು ಇಷ್ಟು ದೊಡ್ಡ ಕೆಲಸ ಮಾಡ್ತೈತೇನು ಅಂತ ಕೇಳಿದ್ರ, ಮಾಡ್ತೈತಿ. 1940ರ ದಶಕದಾಗ ಪಶ್ಚಿಮ ಆಸ್ಟ್ರೇಲಿಯಾದಾಗ ಕ್ಲೋವರ್ ಅನ್ನೋ ಒಂದು ಜಾತಿ ಹುಲ್ಲುಗಾವಲಿನ್ಯಾಗ ಮೇಯ್ದ ಕುರಿಗಳು ಗಬ್ಬ ನಿಲ್ಲದಂಗ ಆದ್ವು. ಹುಡುಕಿ ನೋಡಿದ್ರ ಆ ಸೊಪ್ಪಿನ್ಯಾಗ ಈ ಥರದ ವಸ್ತು ಇತ್ತು. ಕುರಿ ಸಾಕಿದೋರ ಮನಿ ಹೆಣ್ಮಕ್ಕಳಿಗೆ ಇದು ಎಂಥಾ ನಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ. ಆದ್ರ ಆ ಕುರಿ ಮುಂಜಾನಿಂದ ಸಂಜಿತನಕ, ತಿಂಗಳುಗಟ್ಟಲೆ ಅದನ್ನ ಮೇಯ್ದಿದ್ವು. ನಾವು ರೊಟ್ಟಿ ಮ್ಯಾಲೆ ಒಂದು ಚಮಚ ಹಿಂಡಿ ಹಾಕ್ಕೊಂಡು ಎಣ್ಣಿ ಬಿಟ್ಕೊಂಡು ತಿಂತೀವಿ. ಎಷ್ಟು ತಿಂತೀವಿ ಅನ್ನೋದ ಇಲ್ಲಿ ಮುಖ್ಯ.

ಈಗ ಮೈ ಉರಿ ವಿಷಯ. ಮುಟ್ಟು ನಿಲ್ಲೋ ಹೊತ್ತಿನ್ಯಾಗ ಎದಿಯಿಂದ ಮಾರಿತನಕ ಝಳ ಹೊಡದಂಗ ಆಗೋದು, ರಾತ್ರಿ ಬೆವರಿಗೆ ಹಾಸಿಗಿ ತೊಯ್ಯೋದು ನಮ್ಮೊಳಗ ಎಷ್ಟು ಮಂದಿಗೆ ಆಗೈತಿ! ಬ್ಯಾಸಗಿ ದಿನ ಅಂತೂ ಕೇಳಬ್ಯಾಡ್ರಿ, ನಮ್ಮ ಹಟ್ಟಿ ಬಿಸಲಿನ್ಯಾಗ ಹೊರಗಿನ ಉರಿ ಯಾವುದು, ಒಳಗಿನ ಉರಿ ಯಾವುದು ಗೊತ್ತಾಗೂದಿಲ್ಲ. ಇದಕ್ಕ ಅಗಸಿ ನಡೀತೈತೇನು ಅಂತ ಅಮೆರಿಕಾದಾಗ 188 ಹೆಣ್ಮಕ್ಕಳ ಮ್ಯಾಲೆ ಪರೀಕ್ಷೆ ಮಾಡಿ 2011ರಾಗ ಹೇಳ್ಯಾರ. ಅರ್ಧಾ ಮಂದಿಗೆ ಅಗಸಿ ಹಾಕಿದ ತಿನಿಸು, ಉಳಿದೋರಿಗೆ ಅಗಸಿ ಇಲ್ಲದ್ದು, ಯಾರಿಗೆ ಯಾವುದು ಅಂತ ಹೇಳಲಾರದ ಆರು ವಾರ ಕೊಟ್ರು. ಎರಡೂ ಗುಂಪಿನ್ಯಾಗ ಮೂರರಾಗ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿಗೆ ಉರಿ ಅರ್ಧಕ್ಕ ಇಳೀತು. ಅಂದ್ರ ಅಗಸಿ ತಿಂದೋರಿಗೂ, ತಿನ್ನದೋರಿಗೂ ಫರಕು ಕಾಣಲಿಲ್ಲ. ಈ ಉರಿ ಕೆಲವರಿಗೆ ತಾನ ಏರಿ ಇಳೀತೈತಿ, ಔಷಧ ತಿಂದೀನಿ ಅನ್ನೋ ಧೈರ್ಯಕ್ಕೂ ಇಳೀತೈತಿ. ಹಂಗಾಗಿ "ಹೆಣ್ಣು ಹಾರ್ಮೋನಿನ ಕ್ಯಾಪ್ಸೂಲ್" ಅಂತ ಮಾರೋರಿಗೆ ರೊಕ್ಕ ಕೊಡೋ ಮೊದ್ಲ ವಿಚಾರ ಮಾಡ್ರಿ. ಉರಿ ತಡಿಯಾಕ ಆಗಲಿಲ್ಲ ಅಂದ್ರ ಡಾಕ್ಟರ ಹತ್ರ ಖರೇ ಗುಳಿಗಿ ಅದಾವ, ಹಾರ್ಮೋನಿಂದೂ ಅದಾವ, ಹಾರ್ಮೋನ್ ಇಲ್ಲದ್ದೂ ಅದಾವ. ಕೇಳಾಕ ನಾಚಬ್ಯಾಡ್ರಿ.

ಇನ್ನ ಕ್ಯಾನ್ಸರ್ ಅಂಜಿಕಿ. ಚೀನಾದ ಶಾಂಘೈದಾಗ ಎದಿ ಕ್ಯಾನ್ಸರ್ ಆಗಿ ಉಳಿದ 5042 ಹೆಣ್ಮಕ್ಕಳನ್ನ ವರ್ಷಗಟ್ಟಲೆ ನೋಡಿ 2009ರಾಗ ಬರ್ದಾರ. ಊಟದಾಗ ಸೋಯಾ ಹೆಚ್ಚು ತಿಂತಿದ್ದೋರೊಳಗ ರೋಗ ತಿರುಗಿ ಬಂದಿದ್ದೂ, ಸತ್ತಿದ್ದೂ ಕಡಿಮಿ ಇತ್ತು. ಸೋಯಾದಿಂದನ ವಾಸಿ ಆತು ಅಂತ ಇದರರ್ಥ ಅಲ್ಲ. ಆದ್ರ ಊಟದಾಗ ತಿಂದ್ರ ಕ್ಯಾನ್ಸರ್ ಬೆಳೀತೈತಿ ಅನ್ನೋ ಹೆದರಿಕಿಗೆ ಇದು ಉತ್ತರ. ಎದಿ ಕ್ಯಾನ್ಸರಿನ ಗುಳಿಗಿ ತಗೊಳ್ಳೋರು ತಮ್ಮ ಡಾಕ್ಟರಿಗೆ ಒಂದು ಮಾತು ಕೇಳಲಿ, ಕ್ಯಾಪ್ಸೂಲು, ಪುಡಿ ಡಬ್ಬಿ ತಾವಾಗೇ ತರಿಸಬ್ಯಾಡ್ರಿ. ಹಂಗಂತ ಬಡಪಾಯಿ ಹೆಣ್ಮಗಳು ರೊಟ್ಟಿ ಜೋಡಿ ಚಿಟಿಕಿ ಹಿಂಡಿ ತಿಂದ್ರ ಎಲ್ಲಾರೂ ಕೂಡಿ ಆಕಿನ್ನ ಬೈಯೋದು ಬ್ಯಾಡ.

ಹುಡುಗರಿಗೆ ಸೋಯಾ ತಿನಿಸಿದ್ರ ಎದಿ ಬೆಳಿತಾವ ಅನ್ನೋದೂ ಇಂಥದ ಮಾತು. ಅಮೆರಿಕಾದಾಗ 60 ವರ್ಷದ ಒಬ್ಬ ಗಂಡಸಿಗೆ ಹಂಗ ಆಗಿದ್ದು ಖರೇ. ಆದ್ರ ಆತ ದಿನಾ ಸುಮಾರು ಮೂರು ಲೀಟರ್ ಸೋಯಾ ಹಾಲು ಕುಡಿತಿದ್ದ, ಬಿಟ್ಟ ಮ್ಯಾಲೆ ಸರಿ ಹೋತು. ವಾರಕ್ಕೊಮ್ಮಿ ಸೋಯಾ ಪಲ್ಯ ಮಾಡಿದ್ರ ಏನೂ ಆಗೂದಿಲ್ಲ.

ಇಷ್ಟೆಲ್ಲಾ ಯಾಕ ಹೇಳಾಕತ್ತೀನಿ ಅಂದ್ರ, ನಮ್ಮ ಸಂಬಂಧಿಕರೊಳಗ ಒಬ್ಬಾಕಿಗೆ ಮುಟ್ಟು ನಿಂತು ಎರಡು ವರ್ಷ ಆದ ಮ್ಯಾಲೆ ಮತ್ತ ರಕ್ತ ಕಾಣಿಸ್ತು. "ಉಷ್ಣ ಆಗೈತಿ, ಅಗಸಿ ನೆನಸಿದ ನೀರು ಕುಡಿ" ಅಂತ ಅಕ್ಕಪಕ್ಕದೋರು ಹೇಳಿದ್ರು. ನಾಲ್ಕು ತಿಂಗಳು ಕುಡದ್ಲು. ಆಮ್ಯಾಲೆ ತೋರಿಸಿದಾಗ ಗರ್ಭಚೀಲದಾಗ ಕ್ಯಾನ್ಸರ್ ಇತ್ತು. ಆಪರೇಷನ್ ಆಗಿ ಈಗ ಆರಾಮ ಅದಾಳ. ಅಗಸಿ ಆಕಿಗೆ ರೋಗ ತರಲಿಲ್ಲ, ಆದ್ರ ಅಗಸಿ ಮ್ಯಾಲಿನ ನಂಬಿಕಿ ನಾಲ್ಕು ತಿಂಗಳು ತಿಂದ್ಹಾಕ್ತು. ಮುಟ್ಟು ನಿಂತು ಒಂದು ವರ್ಷ ಆದ ಮ್ಯಾಲೆ ಒಂದು ಹನಿ ರಕ್ತ ಕಂಡ್ರೂ, ಎದಿಯಾಗ ಗಂಟು ಕೈಗೆ ಹತ್ತಿದ್ರೂ, ಮನಿಮದ್ದು ಬಿಟ್ಟು ಅದ ವಾರ ದವಾಖಾನಿಗೆ ಹೋಗ್ರಿ.

ಇನ್ನೊಂದು ಮಾತು. ಥೈರಾಯ್ಡ್ ಗುಳಿಗಿ ತಗೊಳ್ಳೋರು ಭಾಳ ಮಂದಿ ಇದ್ದೀರಿ. ಸೋಯಾ, ಅಗಸಿ ಪುಡಿ ಆ ಗುಳಿಗಿ ಮೈಗೆ ಹತ್ತೋದಕ್ಕ ಅಡ್ಡ ಬರಬಹುದು. ಗುಳಿಗಿ ಖಾಲಿ ಹೊಟ್ಟಿಗೆ ಮುಂಜಾನೆ ನುಂಗ್ರಿ, ಹಿಂಡಿ ಮಧ್ಯಾಹ್ನದ ರೊಟ್ಟಿಗಿರಲಿ. ಬಸುರಿ ಹೆಣ್ಮಕ್ಕಳಿಗೆ "ಔಷಧ" ಅಂತ ಮುಟಗಿ ಮುಟಗಿ ಅಗಸಿ ತಿನಿಸಬ್ಯಾಡ್ರಿ.

ಹಂಗಾದ್ರ ಅಗಸಿ ಬಿಡಬೇಕೇನು? ಬಿಡಬ್ಯಾಡ್ರಿ ಅಂತನ ನಾ ಹೇಳೋದು. ನಾರು ಐತಿ, ಒಳ್ಳೆ ಎಣ್ಣಿ ಅಂಶ ಐತಿ, ಹೊಟ್ಟಿ ಸಾಫ್ ಇಡ್ತೈತಿ. ಮೊದ್ಲ ನಮ್ಮ ಎರಿ ಹೊಲದಾಗ ಹಿಂಗಾರಿ ಜೋಳದ ನಡುವ ಕುಸುಬಿ, ಅಗಸಿ ಅಕ್ಕಡಿ ಸಾಲು ಇರ್ತಿದ್ವು, ಮನಿಗೆ ಆಗೋವಷ್ಟು ಬರ್ತಿತ್ತು. ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂತು, ಭತ್ತ ಬಂತು, ತಾಟಿನ್ಯಾಗ ರೊಟ್ಟಿ ಕಡಿಮಿ ಆಗಿ ಅನ್ನ ಹೆಚ್ಚಾತು. ರೊಟ್ಟಿ ಹ್ವಾದಲ್ಲಿ ಹಿಂಡಿನೂ ಹೋತು. ಈಗ ಅದ ಅಗಸಿ ಚೆಂದನ ಡಬ್ಬಿಯೊಳಗ "ಫ್ಲ್ಯಾಕ್ಸ್ ಸೀಡ್" ಅಂತ ಹೆಸರು ಬದಲಿಸ್ಕೊಂಡು ಬಂದ್ರ ಹೆಚ್ಚು ರೊಕ್ಕ ಕೊಟ್ಟು ತರ್ತೀವಿ.

ಸಂತಿಯಾಗ ಅರ್ಧ ಕಿಲೋ ಅಗಸಿ ತರ್ರಿ. ಹಸನು ಮಾಡಿ, ಸಣ್ಣ ಉರಿಯಾಗ ಚಟಪಟ ಅನ್ನೋತನಕ ಹುರೀರಿ. ಒಣಮೆಣಸಿನಕಾಯಿ, ಬಳ್ಳೊಳ್ಳಿ, ಜೀರಗಿ, ಉಪ್ಪು ಹಾಕಿ ಕುಟ್ರಿ. ಇಡೀ ಕಾಳು ನುಂಗಿದ್ರ ಹಂಗ ಹೊರಗ ಹೋಗ್ತಾವ, ಪುಡಿ ಆದ್ರನ ಮೈಗೆ ಹತ್ತೋದು. ಭಾಳ ದಿನಕ್ಕ ಮಾಡಿಡಬ್ಯಾಡ್ರಿ, ಎಣ್ಣಿ ಕಮಟು ಹಿಡೀತೈತಿ. ದಿನಾ ಒಂದೆರಡು ಚಮಚ ಸಾಕು, ಮ್ಯಾಲೆ ನೀರು ಚಲೋತ್ನಂಗ ಕುಡೀರಿ. ಹಿಂಡಿ ರುಚಿಗೆ ತಿನ್ರಿ, ಹೊಟ್ಟಿಗೆ ತಿನ್ರಿ. ರೋಗ ಬಂದ್ರ ಮಾತ್ರ ಹಿಂಡಿ ಡಬ್ಬಿ ಮುಚ್ಚಿಟ್ಟು ಡಾಕ್ಟರ ಹತ್ರ ಹೋಗ್ರಿ.