ಹೆಬ್ಬಾತು ಗೋಪುರಕ್ಕೆ ಹೋಗುವವರಿಗೆ

ಸ್ಯಾಂಡಿಫರ್ಡ್ ಸುತ್ತಿನ ನಮ್ಮ ಕೆಲವು ಕುಟುಂಬಗಳು ರಜೆಯಲ್ಲಿ ಚೀನಾ ದೇಶವನ್ನು ನೋಡಿಬರುವ ಉತ್ಸಾಹದಲ್ಲಿವೆ. ಸಂತೋಷ. ಹೋದವರು ಷಿಯಾನ್ ನಗರದ ಮಣ್ಣಿನ ಸೈನಿಕರನ್ನು ಹೇಗೂ ನೋಡುತ್ತಾರೆ. ಅದೇ ಊರಿನ ದೊಡ್ಡ ಹೆಬ್ಬಾತು ಗೋಪುರಕ್ಕೆ ಮಾತ್ರ ಅರ್ಧ ಗಂಟೆ ಕೊಟ್ಟು, ಏಳು ಅಂತಸ್ತು ಹತ್ತಿ, ಕಿಟಕಿಯ ಬಳಿ ಫೋಟೋ ತೆಗೆಸಿಕೊಂಡು ಇಳಿದುಬಿಡುವುದು ನಮಗೆ ಸರಿಕಾಣದು. ಕನ್ನಡಿಗರಿಗೆ ಅದು ದೂರದ ನೆಂಟರ ಮನೆಯಿದ್ದಂತೆ.

ನಾವು ಶಾಲೆಯಲ್ಲಿ ಹ್ಯೂಯೆನ್ ತ್ಸಾಂಗ್ ಎಂದು ಓದಿದ ಯಾತ್ರಿಕ (ಈಗ ಷ್ವಾನ್‌ಜಾಂಗ್ ಎನ್ನುತ್ತಾರೆ, ಮಕ್ಕಳಿಗೆ ಈ ಹೆಸರೇ ಹೇಳಿ) 645ರಲ್ಲಿ ಭಾರತದಿಂದ 657 ಗ್ರಂಥಗಳನ್ನು ಕೊಂಡೊಯ್ದ. ಅವುಗಳ ರಕ್ಷಣೆಗೆಂದು 652ರಲ್ಲಿ ಎದ್ದದ್ದು ಈ ಗೋಪುರ. ಆತನೇ ಬುಟ್ಟಿಯಲ್ಲಿ ಇಟ್ಟಿಗೆ ಹೊತ್ತನೆಂದು ಶಿಷ್ಯರು ಬರೆದ ಚರಿತ್ರೆಯಲ್ಲಿದೆ. ಈಗ ಕಾಣುವುದು 704ರ ಸುಮಾರಿಗೆ ಮತ್ತೆ ಕಟ್ಟಿದ್ದು. 1556ರ ಭೂಕಂಪದ ಪೆಟ್ಟನ್ನೂ ತಿಂದದ್ದು. ಎತ್ತರ ಸುಮಾರು 64 ಮೀಟರು.

ಈತ 641ರ ಸುಮಾರಿಗೆ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದಿದ್ದ. ಅಲ್ಲಿನ ಜನ ಉಪಕಾರ ಮರೆಯರು, ಅವಮಾನ ಸಹಿಸರು, ಸೋತು ಬಂದ ಸೇನಾಪತಿಗೆ ಹೆಂಗಸರ ಉಡುಪು ಕೊಡುವರು, ಯುದ್ಧಕ್ಕೆ ಮುನ್ನ ಆನೆಗಳಿಗೂ ಮದ್ಯ ಕುಡಿಸುವರು ಎಂದೆಲ್ಲ ಬರೆದಿದ್ದಾನೆ. ಮಕ್ಕಳು ಬಾಯಿಬಿಟ್ಟುಕೊಂಡು ಕೇಳುವ ಸಂಗತಿಗಳಿವು. ಹರ್ಷನಿಂದ ಅಷ್ಟು ಆದರ ಪಡೆದವನೂ, ಈ ದೊರೆ ಹರ್ಷನಿಗೆ ಮಣಿಯಲಿಲ್ಲವೆಂದು ಮುಚ್ಚುಮರೆಯಿಲ್ಲದೆ ದಾಖಲಿಸಿದ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯೂ ಹರ್ಷನ ಸೋಲನ್ನು ಹೇಳುತ್ತಾನೆ. ಆದರೆ ಅವನು ಆಸ್ಥಾನದ ಕವಿ, ಹೊಗಳುವುದು ಸಹಜ. ಹೊರಗಿನವನ ಸಾಕ್ಷಿಯ ತೂಕವೇ ಬೇರೆ.

ಹಾಗೆಂದು ಅಭಿಮಾನದ ಭರದಲ್ಲಿ ಆತ ಬಾದಾಮಿಗೇ ಬಂದಿದ್ದನೆಂದು ಸಾಧಿಸುವುದು ಬೇಡ. ನಾಡನ್ನು ಆತ ಮಹಾರಾಷ್ಟ್ರವೆಂದು ಕರೆದಿದ್ದಾನೆ. ಕಂಡ ರಾಜಧಾನಿ ಯಾವುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 642ರಲ್ಲಿ ಪಲ್ಲವರು ಬಾದಾಮಿಯನ್ನು ಹಿಡಿದರು. ಗೋಪುರ ಏಳುವ ಹೊತ್ತಿಗೆ ಪುಲಕೇಶಿಯೇ ಇರಲಿಲ್ಲ. ಆತನ ವೈಭವವನ್ನು ಕೊನೆಗಾಲದಲ್ಲಿ ಕಂಡು ಬರೆದವನು ಈ ಪರದೇಶಿ. ಇದ್ದುದನ್ನು ಇದ್ದಂತೆ ಹೇಳಿದರೂ ನಮ್ಮ ಹೆಮ್ಮೆಗೇನೂ ಕೊರತೆಯಾಗದು.

ಹೊರಡುವ ಮುನ್ನ ಒಂದು ಭಾನುವಾರ ಸ್ಯಾಂಡಿಫರ್ಡಿನಲ್ಲಿ ಲುವಾಸ್ ಹತ್ತಿ ಸೇಂಟ್ ಸ್ಟೀಫನ್ಸ್ ಗ್ರೀನಿನಲ್ಲಿ ಇಳಿದು, ಡಬ್ಲಿನ್ ಕ್ಯಾಸಲ್ ಆವರಣದ ಚೆಸ್ಟರ್ ಬೀಟಿ ಸಂಗ್ರಹಾಲಯಕ್ಕೆ ಮಕ್ಕಳನ್ನು ನಡೆಸಿಕೊಂಡು ಹೋಗಿ. ಪ್ರವೇಶ ಉಚಿತ. ಏಷ್ಯದ ಹಳೆಯ ಹಸ್ತಪ್ರತಿಗಳನ್ನು ಕಣ್ಣಾರೆ ಕಂಡರೆ, ಅಂಥವನ್ನು ಕುದುರೆಗಳ ಮೇಲೆ ಹೇರಿ ಪರ್ವತ ದಾಟಿಸಿದ ಕಷ್ಟ ಅರ್ಥವಾದೀತು. ಷಿಯಾನಿನಲ್ಲಿ ಮೆಟ್ಟಿಲಿಗೆ ನುಗ್ಗುವ ಮೊದಲು ದಕ್ಷಿಣ ಬಾಗಿಲಿನ ಎರಡು ಪಕ್ಕದ ಶಿಲಾಶಾಸನಗಳ ಮುಂದೆ ನಿಲ್ಲಿ. 653ರವು, ಬರಹ ಚೂ ಸುಯಿಲಿಯಾಂಗನದು. ಚಕ್ರವರ್ತಿ ಮತ್ತು ಯುವರಾಜ ಈ ಯಾತ್ರಿಕನ ಗ್ರಂಥಾನುವಾದಗಳನ್ನು ಕೊಂಡಾಡಿ ರಚಿಸಿದ ಮಾತುಗಳು ಅಲ್ಲಿವೆ. ಹತ್ತುವುದು ಆಮೇಲಾಗಲಿ. ಮಂಡಿನೋವಿನ ಹಿರಿಯರು ಹತ್ತದಿದ್ದರೂ ನಷ್ಟವಿಲ್ಲ.