ಉಂಡೂ ಹೋದೆವು, ಕೊಂಡೂ ಹೋದೆವು

ವೈಟ್‌ಫೀಲ್ಡಿನಲ್ಲಿ ನಾನು ಮೊದಲಿದ್ದ ಕಂಪನಿಯ ಪ್ರಾಡಕ್ಟು ಗ್ರಾಹಕರ ಚಾರ್ಟುಗಳನ್ನು ಕುಣಿಯುವ ಜಿಫ್ ಮಾಡಿ ಕೊಡ್ತಿತ್ತು. (ಗಿಫ್ ಅನ್ನೋರು ಜಗಳಕ್ಕೆ ಬರಬೇಡಿ. ಅದನ್ನು ಮಾಡಿದ ಸ್ಟೀವ್ ವಿಲ್‌ಹೈಟೇ 2013ರಲ್ಲಿ ಜಿಫ್ ಅಂದಾಯ್ತು.) ಕುಣಿಸುವ ಕೆಲಸ ನಮ್ಮದಲ್ಲ, ಯಾರೋ ಬರೆದು ಪುಕ್ಕಟೆ ಕೊಟ್ಟ ಎನ್‌ಕೋಡರ್ ಲೈಬ್ರರಿಯದು. ಬಿಲ್ ಮಾತ್ರ ನಮ್ಮದು.

ಒಂದು ದಿನ ದೂರು ಬಂತು. ಒಂದು ಸೆಕೆಂಡಿನಲ್ಲಿ ಮುಗಿಯಬೇಕಾದ ಚಾರ್ಟು ಸಿಲ್ಕ್ ಬೋರ್ಡಿನ ಬಸ್ಸಿನ ಹಾಗೆ ತೆವಳುತ್ತಿದೆ ಅಂತ. ಎರಡು ರಾತ್ರಿ ಕೂತು ಹುಡುಕಿದೆ. ಜಿಫ್‌ನಲ್ಲಿ ಒಂದು ಫ್ರೇಮ್ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನ ಸೆಕೆಂಡಿನ ನೂರನೇ ಭಾಗಗಳಲ್ಲಿ ಬರೆಯುತ್ತಾರೆ. ನಾವು ಕೊಟ್ಟ 16 ಮಿಲಿಸೆಕೆಂಡನ್ನು ಲೈಬ್ರರಿ 1 ಅಂತ ಮೊಟಕುಗೊಳಿಸಿತ್ತು. ಬ್ರೌಸರುಗಳು ಅಷ್ಟು ಕಡಿಮೆ ಸಂಖ್ಯೆ ಕಂಡರೆ ನಂಬೋದಿಲ್ಲ, 10 ಅಂತ ಓದಿಕೊಳ್ಳುತ್ತವೆ. 60 ಫ್ರೇಮಿಗೆ 6 ಸೆಕೆಂಡು! 2ಕ್ಕಿಂತ ಕೆಳಗಿಳಿಯದ ಹಾಗೆ ತಡೆದೆ, ಹೆಚ್ಚುಕಮ್ಮಿಯಾದ ಹೊತ್ತನ್ನು ಮುಂದಿನ ಫ್ರೇಮುಗಳ ಲೆಕ್ಕಕ್ಕೆ ಹಾಕಿದೆ. ನಾಲ್ಕೇ ಸಾಲು, ಅದರಲ್ಲೂ ಒಂದು ಬರೀ ಬ್ರಾಕೆಟ್ಟು.

ಇದನ್ನ ಮೂಲ ಲೈಬ್ರರಿಗೆ ಕಳಿಸೋಣ ಅಂದೆ. ಮ್ಯಾನೇಜರ್ ಲೀಗಲ್ ಕಡೆ ಕೈ ತೋರಿಸಿದರು. ಮೂರು ವಾರ ಬಿಟ್ಟು ಉತ್ತರ ಬಂತು: ಇದು ಕಂಪನಿಯ ಬೌದ್ಧಿಕ ಆಸ್ತಿ, ಹೊರಗೆ ಹೋಗುವಂತಿಲ್ಲ.

ಆಸ್ತಿಯಂತೆ! ಪೀಣ್ಯದಲ್ಲಿ ಪಕ್ಕದ ಶೆಡ್ಡಿನಿಂದ ಗೇಜು ತಂದವನು ಸಂಜೆಗೆ ಒರೆಸಿ ವಾಪಸ್ ಇಡ್ತಾನೆ. ಅವನಿಗೆ ಇಎಸ್‌ಜಿ ರಿಪೋರ್ಟು, ಟೌನ್‌ಹಾಲು ಒಂದೂ ಇಲ್ಲ.

ಜಿಫ್‌ಗೆ ಈ ಆಸ್ತಿ ಜಪ ಹೊಸದಲ್ಲ. 1987ರಲ್ಲಿ ಕಂಪ್ಯುಸರ್ವ್ ಇದನ್ನು ಹೊರಗೆ ಬಿಟ್ಟಾಗ ಒಳಗಿದ್ದ ಎಲ್‌ಜೆಡ್‌ಡಬ್ಲ್ಯು ಸಂಕೋಚನ ವಿಧಾನದ ಪೇಟೆಂಟು ಯೂನಿಸಿಸ್ ಕೈಯಲ್ಲಿತ್ತು. ಜಗತ್ತೆಲ್ಲ ಬಳಸಿ ಮುಗಿದ ಮೇಲೆ, 1994ರ ಕೊನೆಗೆ, ದುಡ್ಡು ಕೇಳುವ ಸುದ್ದಿ ಬಂತು. ಜಿಫ್‌ಲಿಬ್ ಲೈಬ್ರರಿಯವರು ಸಂಕೋಚನವನ್ನೇ ಕಿತ್ತು ಲಿಬ್‌ಅನ್‌ಜಿಫ್ ಅಂತ ಬೇರೆ ಮಾಡಬೇಕಾಯ್ತು. ಫೈಲುಗಳು ಊದಿಕೊಂಡವು. ಆ ಸಿಟ್ಟಿನಲ್ಲೇ ಪಿಎನ್‌ಜಿ ಹುಟ್ಟಿತು. ಅಮೆರಿಕದ ಪೇಟೆಂಟು ಸತ್ತಿದ್ದು 2003ರಲ್ಲಿ. ನಮ್ಮಲ್ಲೂ 2015ರ ಆಗಸ್ಟಿನಲ್ಲಿ ಪೇಟೆಂಟ್ ಕಚೇರಿಯ ಹೊಸ ಮಾರ್ಗಸೂಚಿ ಸಾಫ್ಟ್‌ವೇರಿಗೆ ಬಾಗಿಲು ತೆರೆಯುತ್ತೆ ಅಂತ ಸ್ವತಂತ್ರ ತಂತ್ರಾಂಶದವರು ಕೂಗಾಡಿದರು, ಡಿಸೆಂಬರಿನಲ್ಲಿ ಅದನ್ನು ತಡೆಹಿಡಿದರು. ಆ ಕೂಗಿನ ಲಾಭ ಉಣ್ಣುತ್ತಿರುವ ಕಂಪನಿಗಳೇ ಈಗ ನಾಲ್ಕು ಸಾಲಿಗೆ ಬೀಗ ಹಾಕ್ತಿವೆ.

‘ಕೊಟ್ಟರೆ ನಾಳೆ ಜವಾಬ್ದಾರಿ ನಮ್ಮ ತಲೆಗೆ ಬರುತ್ತೆ’ ಅನ್ನುವುದು ಲೀಗಲ್‌ನವರ ವಾದ. ಇಂಥ ಲೈಬ್ರರಿಗಳ ಲೈಸೆನ್ಸಿನಲ್ಲೇ ‘ಯಾವ ಗ್ಯಾರಂಟಿಯೂ ಇಲ್ಲ’ ಅಂತ ದೊಡ್ಡಕ್ಷರದಲ್ಲಿ ಬರೆದಿರುತ್ತೆ ಸ್ವಾಮಿ, ಓದಿ. ಇನ್ನು ಕೊಡದೇ ಉಳಿಸಿದ್ದೇನು? ಲೈಬ್ರರಿಯ ಹೊಸ ಆವೃತ್ತಿ ಬಂದಾಗಲೆಲ್ಲ ಒಬ್ಬ ಎಂಜಿನಿಯರ್ ಕೂತು ಆ ನಾಲ್ಕು ಸಾಲನ್ನು ಮತ್ತೆ ಅಂಟಿಸಬೇಕು.

ಬೆಂಗಳೂರಿನದೇ ಝೆರೋಧಾ 2024ರಲ್ಲಿ ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ನಿಧಿ ಘೋಷಿಸಿತು. ಎಲ್ಲರೂ ಅಷ್ಟು ಕೊಡಿ ಅಂತ ನಾನು ಕೇಳ್ತಿಲ್ಲ. ರಿಪೇರಿ ಮಾಡಿದ್ದನ್ನ ವಾಪಸ್ ಕಳಿಸಲು ಬಿಡಿ, ಅಷ್ಟೇ. ಮುಂದಿನ ಆಫರ್ ಲೆಟರ್ ಕೈಗೆ ಬಂದಾಗ ವೇರಿಯಬಲ್ ಪೇ ಜೊತೆ ಈ ಕಲಮನ್ನೂ ಓದಿ, ಸಹಿಗೆ ಮುಂಚೆ ಎಚ್‌ಆರ್‌ನ ಕೇಳಿ. ನಾನು ಕೇಳಿರಲಿಲ್ಲ.

ಮೊನ್ನೆ ಆ ಲೈಬ್ರರಿಯ ಪುಟ ತೆರೆದೆ. ‘ನನ್ನ ಜಿಫ್ ಯಾಕೆ ಇಷ್ಟು ನಿಧಾನ?’ ಅಂತ ಯಾವುದೋ ದೇಶದ ಹುಡುಗಿಯೊಬ್ಬಳು ಕೇಳಿದ್ದಾಳೆ. ಉತ್ತರ ವೈಟ್‌ಫೀಲ್ಡಿನ ಒಂದು ಸರ್ವರಿನಲ್ಲಿ ಬೀಗ ಹಾಕಿಕೊಂಡು ಕೂತಿದೆ.